ರಫ್ ಓಕೆ ಆಗದೆ ಬಣ್ಣ ಇಲ್ಲ

ಚಿತ್ರ ಬರೆಸಲು ಬರುವವರದು ಹೆಚ್ಚಾಗಿ ಒಂದೇ ಮಾತು: "ರಫ್ ಏನ್ ನೋಡೂದ್ರಿ, ಬಣ್ಣ ಹಚ್ಚಿ ಕಳಸ್ರಿ, ಆಮ್ಯಾಲ ನೋಡೂಣು." ಕಲಬುರಗಿಯಲ್ಲೇ ಕೂತು ಪುಸ್ತಕದ ಮುಖಪುಟ, ಮಕ್ಕಳ ಕಥೆಯ ಚಿತ್ರ, ಅಂಗಡಿ ಲೇಬಲ್ ಮಾಡಿಕೊಂಡಿರುವ ನಾನು ಇದಕ್ಕೆ ಮಾತ್ರ ಒಪ್ಪುವುದಿಲ್ಲ. ರಫ್ ಅಂದರೆ ಬಣ್ಣಕ್ಕೂ ಮೊದಲು ಬೂದಿನಲ್ಲೇ ಬರೆದು ತೋರಿಸುವ ಕರಡು ಚಿತ್ರ. ಚಿತ್ರ ಕೆಡುವುದೂ ದುಡ್ಡು ಸಿಕ್ಕಿಹಾಕಿಕೊಳ್ಳುವುದೂ ಇಲ್ಲೇ.

ಮೊದಲು ಚಿತ್ರದ ವಿಷಯ. ಸ್ಕೆಚ್ ಪುಸ್ತಕ ಹಿಡಿದು ನಮ್ಮ ಕೋಟೆಯೊಳಗಿನ ಜಾಮಿ ಮಸೀದಿಗೆ ಹೋಗಿ. 1367ರ ಕಟ್ಟಡ. ನಡುವೆ ಬಯಲು ಅಂಗಳ ಇಲ್ಲ, ಪೂರ್ತಿ ಮುಚ್ಚಿದ ಚಾವಣಿ. ಬೆಳಕು ಹೆಚ್ಚಾಗಿ ಬದಿಯ ಕಮಾನುಗಳಿಂದಲೇ ಒಳಗೆ ಬರಬೇಕು. ಬೇಸಿಗೆ ಮಧ್ಯಾಹ್ನ ಹೊರಗೆ ಕಣ್ಣು ಬಿಡಲಾಗದ ಬಿಸಿಲು, ಒಳಗೆ ಕಂಬಗಳು ಒಂದರ ಹಿಂದೊಂದು ಕಪ್ಪಾಗುತ್ತಾ ಹೋಗುತ್ತವೆ. ಗೆರೆಯಲ್ಲೇ ಬರೆಯುತ್ತೇನೆ ಅಂದರೆ ಕಮಾನು ಎಣಿಸಿಯೇ ಸುಸ್ತು. ಮೂರೇ ಛಾಯೆ ಇಟ್ಟುಕೊಳ್ಳಿ: ಕಾಗದದ ಬಿಳಿ, ನಡುವಿನ ಬೂದು, ಕಡುಕಪ್ಪು. ಕಮಾನಿನ ಒಳಮೈ ನೆರಳಲ್ಲಿದೆ, ಕಪ್ಪೇ ಇರಬೇಕು ಅನ್ನಿಸುತ್ತದೆ. ಕಣ್ಣು ಅರ್ಧ ಮುಚ್ಚಿ ನೋಡಿದರೆ ನೆಲಕ್ಕೆ ಬಿದ್ದ ಬಿಸಿಲು ಮೇಲಕ್ಕೆ ಹೊಡೆದು ಅದು ಬೂದಾಗಿರುತ್ತದೆ. ಇದನ್ನು ಹಿಡಿದರೆ ಸಾಕು, ಚಿತ್ರಕ್ಕೆ ಆಳ ತಾನಾಗೇ ಬರುತ್ತದೆ.

ಟ್ಯಾಬ್ಲೆಟ್‌ನಲ್ಲೂ ನನ್ನ ಕ್ರಮ ಇದೇ. ನಾನು ಬಳಸುವುದು ಕ್ರಿಟಾ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್, ದುಡ್ಡು ಕೊಡಬೇಕಿಲ್ಲ. ಎ4 ಅಳತೆ, 300 ಡಿಪಿಐ (ಇಂಚಿಗೆ 300 ಚುಕ್ಕೆ) ಅಂದರೆ 2480×3508 ಪಿಕ್ಸೆಲ್. ಪೂರ್ತಿ ಚಿತ್ರ ಬೂದಿನಲ್ಲೇ ಮುಗಿಸಿ, ಮೇಲೊಂದು ಲೇಯರ್ (ಪಾರದರ್ಶಕ ಹಾಳೆಯಂಥದ್ದು) ಇಟ್ಟು ಅದನ್ನು 'ಕಲರ್' ಮೋಡ್‌ಗೆ ಹಾಕಿ ಬಣ್ಣ ಹಚ್ಚಬಹುದು; ಕೆಳಗಿನ ಬೆಳಕು-ನೆರಳು ಹಾಗೇ ಉಳಿದು ಬಣ್ಣ ಮಾತ್ರ ಸೇರುತ್ತದೆ. ಆದರೆ ಅಷ್ಟಕ್ಕೇ ಬಿಟ್ಟರೆ ಹಳೆಯ ಕಪ್ಪು-ಬಿಳುಪು ಫೋಟೋಗೆ ಬಣ್ಣ ಬಳಿದ ಹಾಗೆ ಸಪ್ಪೆ. ಬಿಸಿಲಿನ ಚಿತ್ರವಾದರೆ ನೆರಳಿಗೆ ಸ್ವಲ್ಪ ನೀಲಿ, ಬೆಳಕಿನ ಅಂಚಿಗೆ ಸ್ವಲ್ಪ ಹಳದಿ, ಇನ್ನೊಂದು ನಾರ್ಮಲ್ ಲೇಯರ್‌ನಲ್ಲಿ ಕೈಯಿಂದಲೇ ಹಚ್ಚಬೇಕು. ನಡುನಡುವೆ ಪರೀಕ್ಷೆಗೆ ಎಲ್ಲಕ್ಕಿಂತ ಮೇಲೆ ಕಪ್ಪು ತುಂಬಿದ ಲೇಯರ್ ಇಟ್ಟು ಅದನ್ನೂ 'ಕಲರ್' ಮೋಡ್‌ಗೆ ಹಾಕಿ. ಚಿತ್ರ ಮತ್ತೆ ಬೂದಾಗಿ ಕಾಣುತ್ತದೆ. ಮುಖ ಹಿನ್ನೆಲೆಯಲ್ಲಿ ಕರಗಿಹೋಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಅಂದಹಾಗೆ, ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಚಿತ್ರಗಳಿಗೆ ಹೆಸರಾದ ಎಸ್.ಎಂ. ಪಂಡಿತ್ ಹುಟ್ಟಿದ್ದು ನಮ್ಮೂರಲ್ಲೇ, 1916ರಲ್ಲಿ. ಅವರ ಚಿತ್ರದ ಫೋಟೋ ಒಂದನ್ನು ಮೊಬೈಲ್‌ನಲ್ಲಿ ಕಪ್ಪು-ಬಿಳುಪು ಮಾಡಿ ನೋಡಿ. ಬಣ್ಣ ತೆಗೆದರೂ ಮೈಕಟ್ಟು ಹಾಗೇ ನಿಂತಿರುತ್ತದೆ.

ಪ್ರಿಂಟ್‌ಗೆ ಹೋಗುವ ಕೆಲಸವಾದರೆ ಸುತ್ತ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು, ಬಿಡಿ. ಪರದೆಯ ಮೇಲಿನ ಹೊಳೆಯುವ ನೀಲಿ, ಗಿಳಿಹಸಿರು ಸಿಎಂವೈಕೆಯಲ್ಲಿ (ಪ್ರಿಂಟಿನ ನಾಲ್ಕು ಶಾಯಿಗಳಲ್ಲಿ) ಮಂಕಾಗುತ್ತವೆ ಅಂತ ಗಿರಾಕಿಗೆ ಮೊದಲೇ ಹೇಳಿಬಿಡಿ.

ಈಗ ದುಡ್ಡು. ಬೂದು ರಫ್ ನೋಡಿದ ಗಿರಾಕಿ "ಎತ್ತು ಎಡಕ್ಕ ಇರ್ಲಿ" ಅಂದರೆ ಹತ್ತು ನಿಮಿಷದ ಕೆಲಸ. ಬಣ್ಣ ಮುಗಿದ ಮೇಲೆ ಅದೇ ಮಾತು ಬಂದರೆ ಒಂದು ದಿನ ಹೋಯಿತು, ಮತ್ತೆ ಅದಕ್ಕೆ ಯಾರೂ ಕಾಸು ಕೊಡುವುದಿಲ್ಲ. ಆದ್ದರಿಂದ ಅರ್ಧ ದುಡ್ಡು ಮುಂಗಡ, ರಫ್‌ನಲ್ಲಿ ಎರಡು ಸಲ ತಿದ್ದುಪಡಿ ಪುಕ್ಕಟೆ, ಬಣ್ಣದ ನಂತರದ್ದಕ್ಕೆ ಬೇರೆ ರೇಟು. "ಈ ರಫ್ ಓಕೆ" ಅನ್ನುವುದನ್ನು ಫೋನಿನಲ್ಲಿ ಕೇಳಿ ಸುಮ್ಮನಾಗಬೇಡಿ, ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.

ಇನ್ನೊಂದು ವಿಷಯ ಬಹಳ ಕಲಾವಿದರಿಗೆ ಗೊತ್ತಿಲ್ಲ. ನಾನು ಬರೆದ ಚಿತ್ರ, ಹಕ್ಕು ನಂದೇ ಅಂದುಕೊಂಡಿರುತ್ತಾರೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಓದಿ. ದುಡ್ಡು ಕೊಟ್ಟು ಬರೆಸಿದ ಪೇಂಟಿಂಗ್‌ಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರೇ ಮೊದಲ ಹಕ್ಕುದಾರರು! ಮುಖಪುಟಕ್ಕೆ ಅಂತ ಕೊಟ್ಟ ಚಿತ್ರ ನಾಳೆ ಟೀ ಶರ್ಟ್ ಮೇಲೆ ಬಂದರೆ ಜಗಳಕ್ಕೆ ಕಾಗದ ಬೇಕಲ್ವಾ? ಯಾವ ಬಳಕೆಗೆ, ಎಷ್ಟು ವರ್ಷಕ್ಕೆ, ಹಕ್ಕು ಯಾರದು ಅಂತ ಮೊದಲೇ ಬರೆದು ಇಬ್ಬರೂ ಸಹಿ ಹಾಕಿ.

ಬೆಂಗಳೂರಿಗೆ ಹೋಗದೆ, ಇಲ್ಲೇ ಇದ್ದು 32 ಪುಟದ ಮಕ್ಕಳ ಪುಸ್ತಕ ಒಂದನ್ನು ಪೂರ್ತಿ ಮಾಡಬೇಕು ಅನ್ನುವುದು ನನ್ನ ಆಸೆ. ತೊಗರಿ ಹೊಲ, ಶಹಾಬಾದ್ ಕಲ್ಲಿನ ಮನೆ, ಎಲ್ಲ ಅದರಲ್ಲಿ ಬರಬೇಕು. ಕಥೆ ಇರುವವರು ಹೇಳಿ. 32 ಪುಟಕ್ಕೂ ಮೊದಲು ಬೂದಿನಲ್ಲೇ ರಫ್ ಬರುತ್ತದೆ, ಅದೂ ಮುಂಗಡ ಬಂದ ಮೇಲೆ.