ಜನರೇಟ್ ಆದ ಫೈಲಿಗೆ ಕೈ ಹಾಕಬೇಡಿ, ಪಕ್ಕದಲ್ಲಿ ಇನ್ನೊಂದು ಫೈಲ್ ಇಡಿ

ಹೋದ ತಿಂಗಳು ಒಂದು ಬಿಲ್ಲಿಂಗ್ ಪ್ರಾಜೆಕ್ಟಿನಲ್ಲಿ ಆದದ್ದು. ಡೇಟಾಬೇಸ್ ಮೊದಲೇ ಇತ್ತು, ಹಾಗಾಗಿ ಟೇಬಲ್‌ಗಳನ್ನು ಕೋಡಿಗೆ ಜೋಡಿಸುವ ಎಂಟಿಟಿ ಫ್ರೇಮ್‌ವರ್ಕ್ ಕೋರ್‌ನ (ಇಎಫ್ ಕೋರ್) ಸ್ಕ್ಯಾಫೋಲ್ಡ್ ಕಮ್ಯಾಂಡ್, ಅಂದ್ರೆ ಟೇಬಲ್ ನೋಡಿ ತಾನೇ ಕೋಡ್ ಬರೆದುಕೊಡುವ ಕಮ್ಯಾಂಡ್ ಓಡಿಸಿ ಸಿ ಶಾರ್ಪ್ ಕ್ಲಾಸ್‌ಗಳನ್ನೆಲ್ಲ ತೆಗೆದುಕೊಂಡಿದ್ದೆವು. ಕಸ್ಟಮರ್ ಕ್ಲಾಸಿನಲ್ಲಿ ಫಸ್ಟ್‌ನೇಮ್, ಲಾಸ್ಟ್‌ನೇಮ್ ಬೇರೆ ಬೇರೆ ಇತ್ತು, ಬಿಲ್ಲಿನ ಮೇಲೆ ಪೂರ್ತಿ ಹೆಸರು ಬೇಕು. ಎರಡು ಸಾಲಿನ ಕೆಲಸ ಅಲ್ವಾ ಅಂತ ಆ ಫೈಲನ್ನೇ ತೆರೆದು ಫುಲ್‌ನೇಮ್ ಅಂತ ಒಂದು ಪ್ರಾಪರ್ಟಿ ಬರೆದೆ. ಹಾಗೇ ಫೋನ್ ನಂಬರಿನ ಮೇಲೆ ರಿಕ್ವೈರ್ಡ್ ಆಟ್ರಿಬ್ಯೂಟನ್ನೂ, ಅಂದ್ರೆ ಇದನ್ನು ಖಾಲಿ ಬಿಡುವಂತಿಲ್ಲ ಅನ್ನುವ ಗುರುತನ್ನೂ ಹಾಕಿದೆ.

ಹತ್ತು ದಿನ ಬಿಟ್ಟು ಟೇಬಲ್ಲಿಗೆ ಜಿಎಸ್‌ಟಿ ನಂಬರಿನ ಕಾಲಂ ಸೇರಿತು. ಟೀಮಿನ ಇನ್ನೊಬ್ಬರು ಫೋರ್ಸ್ ಅನ್ನುವ ಆಪ್ಷನ್ ಕೊಟ್ಟು ಮತ್ತೆ ಸ್ಕ್ಯಾಫೋಲ್ಡ್ ಮಾಡಿದರು. ಅವರ ತಪ್ಪೇನೂ ಇಲ್ಲ, ಫೋರ್ಸ್ ಕೊಡದಿದ್ದರೆ ಇರುವ ಫೈಲಿನ ಮೇಲೆ ಅದು ಬರೆಯುವುದೇ ಇಲ್ಲ. ಫುಲ್‌ನೇಮ್ ಅಳಿಸಿಹೋಯಿತು, ಬಿಲ್ಡ್ ನಿಂತಿತು, ಐದು ನಿಮಿಷದಲ್ಲಿ ಮತ್ತೆ ಬರೆದರು. ರಿಕ್ವೈರ್ಡ್ ಹೋದದ್ದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ, ಯಾಕಂದ್ರೆ ಅದಿಲ್ಲದಿದ್ದರೂ ಕೋಡ್ ಕಂಪೈಲ್ ಆಗುತ್ತದೆ, ಡೇಟಾಬೇಸಿನಲ್ಲೂ ಆ ಕಾಲಂ ಖಾಲಿ ಬಿಡಬಹುದಿತ್ತು. ನಾಲ್ಕು ದಿನ ಫೋನ್ ನಂಬರೇ ಇಲ್ಲದ ಗ್ರಾಹಕರು ಸೇವ್ ಆಗುತ್ತಾ ಹೋದರು.

ಇದಕ್ಕೆ ದಾರಿ 2005ರಿಂದಲೇ ಇದೆ. ಸಿ ಶಾರ್ಪ್ 2.0ರಲ್ಲಿ ಬಂದ ಪಾರ್ಷಿಯಲ್ ಕ್ಲಾಸ್. ಒಂದೇ ಕ್ಲಾಸನ್ನು ಎರಡು ಫೈಲಿನಲ್ಲಿ ಬರೆಯಬಹುದು, ಕಂಪೈಲರ್ ಸೇರಿಸಿಕೊಳ್ಳುತ್ತದೆ. ಸ್ಕ್ಯಾಫೋಲ್ಡ್ ಕೊಡುವ ಕ್ಲಾಸ್‌ಗಳೆಲ್ಲ ಪಾರ್ಷಿಯಲ್ ಅಂತಲೇ ಇರುತ್ತವೆ, ನಮಗೋಸ್ಕರ ಬಾಗಿಲು ತೆಗೆದಿಟ್ಟ ಹಾಗೆ. ಬೇರೆ ಫೈಲಿನಲ್ಲಿ ಅದೇ ಹೆಸರಿನ ಪಾರ್ಷಿಯಲ್ ಕ್ಲಾಸ್ ಮಾಡಿ ಫುಲ್‌ನೇಮ್ ಅಲ್ಲಿ ಬರೆದರೆ ಮುಗಿಯಿತು.

ಆದರೆ ಜನರೇಟ್ ಆದ ಪ್ರಾಪರ್ಟಿಯ ಮೇಲೆ ಆಟ್ರಿಬ್ಯೂಟ್ ಹಾಕಬೇಕು ಅಂದ್ರೆ ಇದಿಷ್ಟೇ ಸಾಲದು. ಅದೇ ಪ್ರಾಪರ್ಟಿಯನ್ನು ಎರಡನೇ ಸಲ ಬರೆಯಲು ಬಿಡುವುದಿಲ್ಲ. ವೆಬ್ ಆ್ಯಪ್ ಬರೆಯುವ ಎಎಸ್‌ಪಿ ಡಾಟ್‌ನೆಟ್ ಕೋರ್‌ನಲ್ಲಾದರೆ ಫೋನ್ ಅಂತ ಅದೇ ಹೆಸರಿನ ಪ್ರಾಪರ್ಟಿ ಇರುವ ಇನ್ನೊಂದು ಪುಟ್ಟ ಕ್ಲಾಸ್ ಮಾಡಿ, ರಿಕ್ವೈರ್ಡನ್ನು ಅಲ್ಲಿ ಹಾಕಿ, ನಿಮ್ಮ ಪಾರ್ಷಿಯಲ್ ಕ್ಲಾಸಿನ ಮೇಲೆ ಮಾಡೆಲ್‌ಮೆಟಾಡೇಟಾಟೈಪ್ ಆಟ್ರಿಬ್ಯೂಟ್ ಕೊಟ್ಟು ಆ ಕ್ಲಾಸನ್ನು ತೋರಿಸಬೇಕು.

ಇಲ್ಲೇ ಹುಷಾರಾಗಿರಿ. ನಾನು ಈ ಹೊಸ ಫೈಲನ್ನು ಎಕ್ಸ್‌ಟೆನ್ಷನ್ಸ್ ಅಂತ ಒಂದು ಫೋಲ್ಡರ್ ಮಾಡಿ ಒಳಗಿಟ್ಟೆ. ಎಡಿಟರ್ ತಾನಾಗಿ ನೇಮ್‌ಸ್ಪೇಸಿನ (ಕ್ಲಾಸ್ ಯಾವ ಗುಂಪಿಗೆ ಸೇರಿದ್ದು ಅಂತ ಹೇಳುವ ಹೆಸರು) ಕೊನೆಗೆ ಫೋಲ್ಡರ್ ಹೆಸರು ಸೇರಿಸಿತು. ನೇಮ್‌ಸ್ಪೇಸ್ ಬೇರೆ ಆದರೆ ಅದು ಬೇರೆಯದೇ ಕ್ಲಾಸ್! ಒಳಗೆ ಫುಲ್‌ನೇಮ್ ಇದ್ದಿದ್ದರೆ ಫಸ್ಟ್‌ನೇಮ್ ಸಿಗುತ್ತಿಲ್ಲ ಅಂತ ಕಂಪೈಲರ್ ಕೂಗುತ್ತಿತ್ತು. ನಾನು ಮೊದಲು ಬರೀ ಆಟ್ರಿಬ್ಯೂಟ್ ಹಾಕಿ ಒಳಗೆ ಖಾಲಿ ಬಿಟ್ಟಿದ್ದೆ, ಹಾಗಾಗಿ ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಖಾಲಿ ಫೋನ್ ಮತ್ತೆ ಸೇವ್ ಆಯಿತು. ಎರಡು ಫೈಲೂ ಒಂದೇ ಪ್ರಾಜೆಕ್ಟಿನಲ್ಲಿ ಇರಬೇಕು, ನೇಮ್‌ಸ್ಪೇಸ್ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು.

ಇನ್ನೊಂದು ವಿಷಯ. ನೀವು ಸೇರಿಸುವ ಪ್ರಾಪರ್ಟಿಗೆ ಬರೀ ಗೆಟ್ ಇದ್ದರೆ ಇಎಫ್ ಕೋರ್ ಅದನ್ನು ಕಾಲಂ ಅಂದುಕೊಳ್ಳುವುದಿಲ್ಲ. ಸೆಟ್ ಕೂಡ ಇದ್ದರೆ ಟೇಬಲ್ಲಿನಲ್ಲಿ ಹುಡುಕುತ್ತದೆ, ಆಗ ಇದು ಕಾಲಂ ಅಲ್ಲ ಅಂತ ಹೇಳುವ ನಾಟ್‌ಮ್ಯಾಪ್ಡ್ ಆಟ್ರಿಬ್ಯೂಟ್ ಹಾಕಿ. ಕ್ವೆರಿಯಲ್ಲಿ ಫುಲ್‌ನೇಮ್ ಮೇಲೆ ವೇರ್ ಹಾಕಿ ಹುಡುಕಲೂ ಹೋಗಬೇಡಿ, ಅದನ್ನು ಡೇಟಾಬೇಸಿನ ಭಾಷೆಯಾದ ಎಸ್‌ಕ್ಯುಎಲ್‌ಗೆ ತಿರುಗಿಸಲು ಆಗದೆ ರನ್‌ಟೈಮಿನಲ್ಲಿ ಎರರ್ ಬರುತ್ತದೆ. ಮ್ಯಾಪಿಂಗ್, ಅಂದ್ರೆ ಯಾವ ಪ್ರಾಪರ್ಟಿಗೆ ಯಾವ ಕಾಲಂ ಅನ್ನುವುದನ್ನು ಬದಲಿಸಬೇಕಿದ್ದರೆ, ಡೇಟಾಬೇಸ್ ಜೊತೆ ಮಾತಾಡುವ ಕಾಂಟೆಕ್ಸ್ಟ್ ಕ್ಲಾಸಿನಲ್ಲಿ ಆನ್‌ಮಾಡೆಲ್‌ಕ್ರಿಯೇಟಿಂಗ್‌ಪಾರ್ಷಿಯಲ್ ಅನ್ನುವ ಮೆಥಡ್ ಇದೆ, ಅದನ್ನು ನಿಮ್ಮ ಫೈಲಿನಲ್ಲಿ ಬರೆದುಕೊಳ್ಳಿ. ಎಲ್ಲ ಕ್ಲಾಸಿಗೂ ಒಂದೇ ಬದಲಾವಣೆ ಬೇಕಾದರೆ 2022ರ ಇಎಫ್ ಕೋರ್ 7ರಿಂದ ಸ್ಕ್ಯಾಫೋಲ್ಡ್ ಕೋಡ್ ಬರೆಯಲು ಬಳಸುವ ಅಚ್ಚನ್ನೇ, ಅಂದ್ರೆ ಟಿ4 ಟೆಂಪ್ಲೇಟನ್ನೇ ತಿದ್ದಬಹುದು.

ಈಗ ನಾನು ಇಂಥದ್ದೇನಾದರೂ ಬರೆದ ತಕ್ಷಣ ಬೇಕಂತಲೇ ಫೋರ್ಸ್ ಕೊಟ್ಟು ಸ್ಕ್ಯಾಫೋಲ್ಡ್ ಓಡಿಸುತ್ತೇನೆ. ಏನು ಬದಲಾಯಿತು ಅಂತ ತೋರಿಸುವ ಗಿಟ್ ಡಿಫ್ ಖಾಲಿ ಬರಬೇಕು. ಆಮೇಲೆ ಫಾರ್ಮ್ ತೆರೆದು ಫೋನ್ ನಂಬರ್ ಖಾಲಿ ಬಿಟ್ಟು ಸೇವ್ ಒತ್ತುತ್ತೇನೆ. ಕೆಂಪು ಅಕ್ಷರದ ಮೆಸೇಜ್ ಬಂದ ಮೇಲೇ ಕಮಿಟ್.