ಬಿ1 ಅಂತೆ ನಾನು!

ಸ್ಪೇನಿನ ಸಾಲಮಾಂಕಾಕ್ಕೆ ಬಂದು ಮೂರು ವಾರವಾಯಿತು. 1218ರಲ್ಲೇ ವಿಶ್ವವಿದ್ಯಾಲಯ ಶುರುವಾದ ಊರು ಇದು. ಸ್ಪ್ಯಾನಿಷ್ ಕೋರ್ಸಿಗೆ ಮೊದಲು ಲೆವೆಲ್ ಟೆಸ್ಟ್ ಇತ್ತು. ಎ1ರಿಂದ ಸಿ2ವರೆಗೆ ಆರು ಮೆಟ್ಟಿಲು. ಬಿಟ್ಟ ಸ್ಥಳ ತುಂಬುವುದರಲ್ಲಿ ನಾವು ಚಿಕ್ಕಂದಿನಿಂದ ಪಳಗಿದವರು, ಅಲ್ವಾ? ಗೊತ್ತಿಲ್ಲದ ಕಡೆಯೆಲ್ಲ ಅಂದಾಜಿನಲ್ಲಿ ಟಿಕ್ ಹಾಕಿದೆ. ಬಿ1 ಬಂತು, ಮೂರನೇ ಮೆಟ್ಟಿಲು! ಬೀಗಿದ್ದು ಒಂದೇ ದಿನ. ಮಾರನೇ ದಿನ ಕ್ಲಾಸಲ್ಲಿ ಎಲ್ಲರೂ ಪಟಪಟ ಮಾತಾಡುತ್ತಿದ್ದರು, ನಾನು ಸುಮ್ನೆ ತಲೆ ಆಡಿಸುತ್ತಿದ್ದೆ.

ಬಾಯಿ ಬಿಟ್ಟಿದ್ದು ಸಂಜೆಯ 'ಇಂತೆರ್‌ಕಾಂಬಿಯೊ'ದಲ್ಲಿ. ಅಂದರೆ ಭಾಷೆಯ ಕೊಡು-ಕೊಳ್ಳು: ಅರ್ಧ ಗಂಟೆ ಅವರ ಭಾಷೆ, ಅರ್ಧ ಗಂಟೆ ಇಂಗ್ಲಿಷ್. ನನ್ನ ಜೊತೆಗಾತಿ 'ಮೆ ಗುಸ್ತಾ ಎಲ್ ಕಫೆ' ಅಂದಳು. ಇಂಗ್ಲಿಷ್ ಮೂಲಕ ಕಲಿಯುವವರು ಇಲ್ಲಿ ತಿಣುಕುತ್ತಾರೆ, 'ನಾನು' ಎಲ್ಲಿ ಹೋಯಿತು ಅಂತ. ನನಗೆ ನಗು ಬಂತು. 'ನನಗೆ ಕಾಫಿ ಇಷ್ಟ' ಅಷ್ಟೇ ತಾನೇ! ನಾವು 'ಬಂದೆ' ಅಂದರೆ ಸಾಕು, ಅವರಿಗೂ 'ವಿನೆ' ಅಂದರೆ ಸಾಕು. ಅವರ 'ತ' ಕೂಡ ನಮ್ಮ ತಕಾರವೇ.

'ನೀನು'ಗೆ 'ತು', 'ನೀವು'ಗೆ 'ಉಸ್ತೆದ್' ಅಂತಲೂ ಇದೆ. ಆದರೆ ಇಲ್ಲಿ ಮೇಡಂಗೂ 'ತು' ಅನ್ನಬೇಕಂತೆ. ಮೇಡಂನ ಏಕವಚನದಲ್ಲಿ ಕರೆಯೋದಾ? ನಾಲಿಗೆ ಏಳುವುದೇ ಇಲ್ಲ.

ನಿನ್ನೆ 'ನನಗೆ ಬೋರಾಗಿದೆ' ಎನ್ನಲು ಹೋಗಿ 'ಸೊಯ್ ಅಬುರೀದಾ' ಅಂದೆ. ಅದರ ಅರ್ಥ, 'ನಾನೇ ಒಂದು ಬೋರು'. 'ಎಸ್ತೊಯ್' ಅನ್ನಬೇಕಿತ್ತು. ಜೊತೆಗಾತಿ ಇವತ್ತೂ ನಗುತ್ತಲೇ ಇದ್ದಳು.