ಹನ್ನೆರಡನೇ ನಂಬರ್ ಕೋಣೆಯ ಹ್ಯಾಮ್ಲೆಟ್

ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೆ. 1984ರ ಮಳೆಗಾಲ. ನಮ್ಮ ಇಂಗ್ಲಿಷ್ ಮೇಷ್ಟ್ರು ಎಲ್ಲೆಲ್ಲೋ ಓಡಾಡಿ ಒಂದು ರಷ್ಯನ್ ಚಿತ್ರದ ರೀಲು ತರಿಸಿದ್ದರು. ಹನ್ನೆರಡನೇ ನಂಬರ್ ಕೋಣೆಯ ಕಿಟಕಿಗಳಿಗೆ ಹಾಸ್ಟೆಲ್ಲಿನ ಕಂಬಳಿ ಬಿಗಿದು, ಬೋರ್ಡಿನ ಮೇಲೆ ಅವರದೇ ಬಿಳಿ ಪಂಚೆ ಇಳಿಬಿಟ್ಟು ಪ್ರೊಜೆಕ್ಟರ್ ಹಚ್ಚಿದರು. ಗ್ರಿಗೊರಿ ಕೊಜಿಂತ್ಸೆವ್ 1964ರಲ್ಲಿ ತೆರೆಗೆ ತಂದ ‘ಹ್ಯಾಮ್ಲೆಟ್’. ಹ್ಯಾಮ್ಲೆಟ್ ಆಗಿ ನಟಿಸಿದ ಇನ್ನೊಕೆಂತಿ ಸ್ಮೋಕ್ತುನೋವ್ಸ್ಕಿಯವರನ್ನು ನಾನು ಮೊದಲು ಕಂಡದ್ದು ಆ ಪಂಚೆಯ ಮೇಲೆ.

ಶೇಕ್ಸ್‌ಪಿಯರನ ಆ ನಾಟಕ ನಮಗೆ ಪಠ್ಯವಾಗಿತ್ತು. ‘ಇರುವುದೋ, ಇಲ್ಲದಿರುವುದೋ’ ಎಂಬ ಆ ಹೆಸರಾಂತ ಸ್ವಗತವನ್ನು ಎದೆ ಸೆಟೆಸಿ, ಗಂಟಲೇರಿಸಿ ಹೇಳಬೇಕು ಎಂದೇ ನಾವೆಲ್ಲ ತಿಳಿದಿದ್ದೆವು. ಇಲ್ಲಿ ನೋಡಿದರೆ ಕಡಲ ದಂಡೆಯ ಬಂಡೆಗಳ ನಡುವೆ ಒಬ್ಬ ಮನುಷ್ಯ ನಮಗೆ ಬೆನ್ನು ಹಾಕಿ ನಡೆಯುತ್ತಿದ್ದಾನೆ. ತುಟಿ ಅಲುಗುವುದಿಲ್ಲ. ಮಾತು ಮಾತ್ರ ಒಳಗಿನಿಂದ ಕೇಳುತ್ತದೆ. ಕೊಳಲನ್ನು ಗೆಳೆಯರ ಮುಂದೆ ಹಿಡಿದು, ಇದನ್ನೇ ನುಡಿಸಲು ಬಾರದವರು ನನ್ನನ್ನು ನುಡಿಸಬಲ್ಲಿರಾ ಎಂದು ಕೇಳುವ ದೃಶ್ಯ ಬಂದಾಗ ಹಿಂದಿನಿಂದ ಮೇಷ್ಟ್ರ ದನಿ ಬಂತು: “ಕಣ್ಣು ನೋಡ್ರೋ, ಅವರ ಕಣ್ಣು ನೋಡ್ರೋ.” ರೀಲು ಹಿಂದಕ್ಕೆ ಸುತ್ತಿ ಇನ್ನೊಮ್ಮೆ ತೋರಿಸಿದರು.

ಆ ಕಣ್ಣು ಎಲ್ಲಿಂದ ಬಂತು ಎನ್ನುವುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. 1925ರಲ್ಲಿ ಸೈಬೀರಿಯದ ಒಂದು ಹಳ್ಳಿಯಲ್ಲಿ ಹುಟ್ಟಿ, ಕ್ರಾಸ್ನೊಯಾರ್ಸ್ಕಿನಲ್ಲಿ ಅತ್ತೆಯ ಮನೆಯಲ್ಲಿ ಬೆಳೆದ ಹುಡುಗ. ಹದಿನೆಂಟಕ್ಕೇ ಯುದ್ಧ. 1943ರ ಡಿಸೆಂಬರಿನಲ್ಲಿ ಜರ್ಮನರಿಗೆ ಸೆರೆಸಿಕ್ಕರು. ಸುಮಾರು ಒಂದು ತಿಂಗಳಿಗೆ ಸೆರೆಯಾಳುಗಳ ಸಾಲಿನಿಂದ ತಪ್ಪಿಸಿಕೊಂಡಾಗ ಉಕ್ರೇನಿನ ಒಂದು ಬಡ ಕುಟುಂಬ ಅವರನ್ನು ಮನೆಯೊಳಗಿಟ್ಟುಕೊಂಡು ಕಾಪಾಡಿತು. ಸಿಕ್ಕಿಬಿದ್ದಿದ್ದರೆ ಆ ಮನೆಯವರ ಜೀವಕ್ಕೂ ಉಳಿಗಾಲವಿರಲಿಲ್ಲ. ಯುದ್ಧ ಮುಗಿದ ಮೇಲೆ, ಸೆರೆಯಿಂದ ಬಂದವರನ್ನು ಸ್ವಂತ ದೇಶವೇ ಅನುಮಾನದಿಂದ ನೋಡುತ್ತಿದ್ದ ಕಾಲದಲ್ಲಿ, ಅವರು ಉತ್ತರದ ಹಿಮದ ನಾಡಾದ ನೊರೀಲ್ಸ್ಕಿಗೆ ಹೋಗಿ ಅಲ್ಲಿನ ರಂಗಮಂದಿರ ಸೇರಿದರು. ಆಮೇಲೆ ಮಖಾಚ್ಕಲಾ, ಸ್ಟಾಲಿನ್‌ಗ್ರಾಡ್ ಎಂದು ಊರೂರು ಅಲೆದಾಟ.

ಹೆಸರು ಬಂದದ್ದು 1957ರಲ್ಲಿ. ಲೆನಿನ್‌ಗ್ರಾಡಿನಲ್ಲಿ ತೊವ್‌ಸ್ತನೋಗವ್ ಆಡಿಸಿದ ದೊಸ್ತೊಯೆವ್‌ಸ್ಕಿಯ ಕಾದಂಬರಿ ‘ಈಡಿಯಟ್’ನಲ್ಲಿ ಅವರು ಕಥಾನಾಯಕ ಮಿಶ್ಕಿನ್. ತಿಂಗಳುಗಟ್ಟಲೆ ಪಾತ್ರ ಕೈಗೆ ಹತ್ತಿರಲಿಲ್ಲವಂತೆ. ಒಂದು ದಿನ ಲೆನ್‌ಫಿಲ್ಮ್ ಸ್ಟುಡಿಯೊದ ಗದ್ದಲದ ನಡುವೆ, ಸುತ್ತಲಿನದು ಯಾವುದೂ ತನಗೆ ಸೇರಿದ್ದಲ್ಲವೆಂಬಂತೆ ನಿಂತು ಪುಸ್ತಕ ಓದುತ್ತಿದ್ದ ಒಬ್ಬರು ಕಣ್ಣಿಗೆ ಬಿದ್ದರು. ವರ್ಷಗಟ್ಟಲೆ ಸೋವಿಯತ್ ಸೆರೆಶಿಬಿರದಲ್ಲಿ ಕಳೆದು ಬಂದ ವ್ಯಕ್ತಿ ಎಂದು ಆಮೇಲೆ ಗೊತ್ತಾಯಿತು. ಆ ನಿಲುವಿನಲ್ಲಿ ಮಿಶ್ಕಿನ್ ಸಿಕ್ಕಿದ. ನನ್ನ ಮಟ್ಟಿಗೆ ಹ್ಯಾಮ್ಲೆಟ್ಟಿನ ಬೇರೂ ಅಲ್ಲಿದೆ: ಗದ್ದಲದ ನಡುವೆ ತನ್ನದೊಂದು ಮೌನ ಕಾಯ್ದುಕೊಳ್ಳುವುದು.

ಹ್ಯಾಮ್ಲೆಟ್ಟಿಗೆ 1965ರಲ್ಲಿ ಲೆನಿನ್ ಪ್ರಶಸ್ತಿ ಬಂತು. ಮರುವರ್ಷವೇ ಎಲ್ದಾರ್ ರಿಯಾಜಾನೊವ್ ಅವರ ನಗೆಚಿತ್ರವೊಂದರಲ್ಲಿ ಲಂಚಕೋರರ ಕಾರು ಕದ್ದು ಮಾರಿ, ಆ ಹಣವನ್ನು ಅನಾಥಾಲಯಗಳಿಗೆ ಕಳಿಸುವ ಸಾಧು ಮನುಷ್ಯನಾದರು. ಹವ್ಯಾಸಿ ತಂಡದಲ್ಲಿ ಆ ಕಳ್ಳನೂ ಹ್ಯಾಮ್ಲೆಟ್ ಆಡುತ್ತಾನೆ! ಚೈಕೊವ್‌ಸ್ಕಿ, ವಾನ್ಯಾ ಮಾವ, ತಾರ್ಕೋವ್‌ಸ್ಕಿಯ ‘ಕನ್ನಡಿ’ಯಲ್ಲಿ ಬರೀ ದನಿ, ಎಲ್ಲವನ್ನೂ ಹುಡುಕಿ ಹುಡುಕಿ ನೋಡಿದ್ದೇನೆ.

ಅವರು ತೀರಿಕೊಂಡದ್ದು 1994ರ ಆಗಸ್ಟ್ 3ರಂದು. ಯುದ್ಧದಲ್ಲಿ ತೋರಿದ ಕೆಚ್ಚಿಗಾಗಿ 1943ರಲ್ಲಿ ಘೋಷಣೆಯಾಗಿದ್ದ ಪದಕವೊಂದು ಅವರ ಕೈ ಸೇರಿದ್ದು 49 ವರ್ಷ ಬಿಟ್ಟು, ಅವರು ನಟಿಸುತ್ತಿದ್ದ ರಂಗಮಂದಿರದಲ್ಲೇ. ಇದನ್ನು ಮೇಷ್ಟ್ರಿಗೆ ಹೇಳಬೇಕಿತ್ತು. ನಾನು ಓದಿ ತಿಳಿಯುವ ಹೊತ್ತಿಗೆ ಅವರು ಇರಲಿಲ್ಲ.